ಹಾರಿಸುವ ಮೊದಲು ತೂಗಿ ನೋಡಿ

ರಿಮೋಟ್ ಹಿಡಿದು ಹಾರಿಸುವ ಆಟಿಕೆ ವಿಮಾನ ಇಂದು ನಮ್ಮ ಮನೆಗಳಿಗೆ ಹೊಸತಲ್ಲ. ರಜೆಯಲ್ಲಿ ಊರಿಗೆ ಬರುವ ಮಾಮ ತಂದುಕೊಡುತ್ತಾರೆ. ಹಬ್ಬದ ದುಡ್ಡು ಕೂಡಿಟ್ಟು ಮಕ್ಕಳೇ ಕೊಳ್ಳುವುದೂ ಇದೆ. ಎರಡು ದಿನ ಹಾರುತ್ತದೆ. ಮೂರನೆಯ ದಿನ ತೆಂಗಿನ ಮರಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ರೆಕ್ಕೆ ಮುರಿದುಕೊಂಡು ಕಪಾಟಿನ ಮೇಲೆ ಸೇರುತ್ತದೆ. ಆದ್ದರಿಂದ ಮಾದರಿ ವಿಮಾನ ಎಂದರೆ ಬರೀ ಮಕ್ಕಳಾಟ ಎಂಬ ಭಾವನೆ ನಮ್ಮಲ್ಲಿ ಹೆಚ್ಚಿನವರಿಗಿದೆ.

ಆದರೆ ಈ ಲೇಖನದಲ್ಲಿ ಹೇಳಹೊರಟಿರುವ ವಿಮಾನವನ್ನು ನೀವು ಕಪಾಟಿನ ಮೇಲಿಡಲಾರಿರಿ. ಅದರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ 11 ಅಡಿ. ಮೂಗಿನಿಂದ ಬಾಲಕ್ಕೆ 8 ಅಡಿ. ತೂಕ ಸುಮಾರು 12 ಕಿಲೋ. ನಾಲ್ಕು ಮೋಟಾರು, ನಾಲ್ಕು ಪಂಖ. ಹಿಂಭಾಗದಲ್ಲಿ ತೆರೆದುಕೊಳ್ಳುವ ದೊಡ್ಡ ಬಾಗಿಲು. ಇದು ಜಗತ್ತಿನ ಅತ್ಯಂತ ಪ್ರಸಿದ್ಧ ಮಿಲಿಟರಿ ಸರಕು ವಿಮಾನವಾದ ಸಿ-130 ಹರ್ಕ್ಯುಲಿಸ್‌ನ ಮಾದರಿ. ಜಗತ್ತಿನ ಹಲವೆಡೆ ಹವ್ಯಾಸಿಗಳು ಇಂತಹ ಮಾದರಿಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿದು ಕಟ್ಟುತ್ತಾರೆ. ಹಾರುವುದು ಮಾತ್ರ ಏಳೆಂಟು ನಿಮಿಷ!

ಏಳೆಂಟು ನಿಮಿಷಕ್ಕಾಗಿ ಇಷ್ಟೊಂದು ದುಡಿಮೆ ಏಕೆ ಎಂದು ನೀವು ಕೇಳಬಹುದು. ಆ ದುಡಿಮೆಯಲ್ಲಿಯೇ ನಮಗೂ ನಮ್ಮ ಮಕ್ಕಳಿಗೂ ಕಲಿಯಲು ಬಹಳಷ್ಟಿದೆ. ಮುಖ್ಯವಾಗಿ ಒಂದು ಪಾಠ: ಆಕಾಶದಲ್ಲಿ ವಿಮಾನ ಹೇಗೆ ವರ್ತಿಸುತ್ತದೆ ಎಂಬುದು ಬಹುಮಟ್ಟಿಗೆ ನೆಲದ ಮೇಲೆಯೇ ತೀರ್ಮಾನವಾಗಿರುತ್ತದೆ.

ಹೊರುವುದಕ್ಕಾಗಿಯೇ ಹುಟ್ಟಿದ ವಿಮಾನ

ಹರ್ಕ್ಯುಲಿಸ್ ಮೊದಲ ಬಾರಿಗೆ ಹಾರಿದ್ದು 1954ರ ಆಗಸ್ಟ್ 23ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎಪ್ಪತ್ತು ವರ್ಷಗಳು ಕಳೆದರೂ ಅದರ ಹೊಸ ರೂಪವಾದ ಸಿ-130ಜೆ ತಯಾರಾಗುತ್ತಲೇ ಇದೆ. ಈ ತನಕ 2,500ಕ್ಕೂ ಹೆಚ್ಚು ಹರ್ಕ್ಯುಲಿಸ್‌ಗಳು ಕಾರ್ಖಾನೆಯಿಂದ ಹೊರಬಂದಿವೆ. ಸಿ-130ಜೆಯ ಬಾಲದ ಭಾಗ ತಯಾರಾಗುವುದು ನಮ್ಮ ಹೈದರಾಬಾದಿನಲ್ಲಿ, ಟಾಟಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಕಂಪೆನಿಗಳ ಜಂಟಿ ಕಾರ್ಖಾನೆಯಲ್ಲಿ ಎಂಬುದು ಅನೇಕರಿಗೆ ತಿಳಿದಿಲ್ಲ.

ಅಂದಚಂದದಲ್ಲಿ ಇದು ಯುದ್ಧ ವಿಮಾನದ ಹತ್ತಿರಕ್ಕೂ ಬರುವುದಿಲ್ಲ. ಹೊಟ್ಟೆ ಉಬ್ಬಿದೆ, ಮೂಗು ಮೊಂಡು. ಆದರೆ ಅದರ ಪ್ರತಿಯೊಂದು ಅಂಗಕ್ಕೂ ಕಾರಣವಿದೆ. ರೆಕ್ಕೆಗಳನ್ನು ಬೆನ್ನಿನ ಮೇಲೆ ಕೂಡಿಸಿದ್ದರಿಂದ ಹೊಟ್ಟೆ ನೆಲಕ್ಕೆ ಹತ್ತಿರವಾಯಿತು. ಲಾರಿಯಿಂದ ನೇರವಾಗಿ ಸರಕು ಏರಿಸಬಹುದು. ಇಂಜಿನ್‌ಗಳು ಎತ್ತರದಲ್ಲಿರುವುದರಿಂದ ಮಣ್ಣಿನ ರನ್‌ವೇಯ ಕಲ್ಲು, ಧೂಳು ಪಂಖಗಳಿಗೆ ತಾಗುವುದು ಕಡಿಮೆ. ಚಕ್ರಗಳು ಹೊಟ್ಟೆಯ ಎರಡು ಬದಿಯ ಉಬ್ಬುಗಳಲ್ಲಿ ಅಡಗುವುದರಿಂದ ಒಳಗಿನ ಜಾಗ ಪೂರ್ತಿ ಸರಕಿಗೇ ಮೀಸಲು. ಬಾಲ ಮೇಲಕ್ಕೆತ್ತಿಕೊಂಡಿರುವುದು ಅದರ ಕೆಳಗಿನ ಬಾಗಿಲು ತೆರೆಯಲಿಕ್ಕೆ.

ಭಾರತೀಯ ವಾಯುಪಡೆಗೆ ಮೊದಲ ಸಿ-130ಜೆ ಬಂದದ್ದು 2011ರಲ್ಲಿ. 2013ರ ಆಗಸ್ಟ್ 20ರಂದು ಅದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿ ಎತ್ತರದಲ್ಲಿ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಾಗ, ದೀಪಗಳೇ ಇಲ್ಲದ ಹಾಳುಬಿದ್ದ ಒಂದು ರನ್‌ವೇಯಲ್ಲಿ ರಾತ್ರಿ ಇಳಿದು 121 ಮಂದಿಯನ್ನು ಹೊತ್ತು ತಂದದ್ದೂ ಇದೇ ವಿಮಾನ. ಆ ದಿನಗಳಲ್ಲಿ ಸುಡಾನಿನಲ್ಲಿ ಸಿಲುಕಿದ್ದವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು.

ಅಡಿಗೆ ಒಂದು ಇಂಚು

ಮಾದರಿ ಕಟ್ಟುವವರು ಮೊದಲು ಅಳತೆಯ ಪ್ರಮಾಣವನ್ನು ನಿರ್ಧರಿಸುತ್ತಾರೆ. ನಾವಿಲ್ಲಿ ಹನ್ನೆರಡಕ್ಕೆ ಒಂದರ ಪ್ರಮಾಣವನ್ನು ತೆಗೆದುಕೊಳ್ಳೋಣ. ಅಂದರೆ ನಿಜ ವಿಮಾನದ ಪ್ರತಿ ಅಡಿಗೆ ಮಾದರಿಯಲ್ಲಿ ಒಂದು ಇಂಚು. ಲೆಕ್ಕ ಬಹಳ ಸುಲಭ. ನಿಜ ಹರ್ಕ್ಯುಲಿಸ್‌ನ ರೆಕ್ಕೆಯ ಹರವು ಸುಮಾರು 132 ಅಡಿ. ಮಾದರಿಯದು 132 ಇಂಚು. ಪಂಖದ ಅಡ್ಡಳತೆ ಹದಿಮೂರೂವರೆ ಅಡಿ. ಮಾದರಿಯಲ್ಲಿ ಹದಿಮೂರೂವರೆ ಇಂಚು.

ಆದರೆ ತೂಕಕ್ಕೆ ಈ ಲೆಕ್ಕ ನಡೆಯದು. ನಿಮ್ಮ ಮಕ್ಕಳಿಗೆ ಇದನ್ನೊಂದು ಗಣಿತವಾಗಿ ಕೊಡಿ. ಉದ್ದ 12 ಪಟ್ಟು ಕಿರಿದಾದರೆ ರೆಕ್ಕೆಯ ವಿಸ್ತೀರ್ಣ 12ರ ವರ್ಗದಷ್ಟು, ಅಂದರೆ 144 ಪಟ್ಟು ಕಿರಿದಾಗುತ್ತದೆ. ಗಾತ್ರ 12ರ ಘನದಷ್ಟು, ಅಂದರೆ 1,728 ಪಟ್ಟು ಕಿರಿದಾಗುತ್ತದೆ. ತುಂಬಿದ ಹರ್ಕ್ಯುಲಿಸ್ ಸುಮಾರು 70 ಟನ್ ತೂಗುತ್ತದೆ. 1,728ರಿಂದ ಭಾಗಿಸಿದರೆ ಸುಮಾರು 40 ಕಿಲೋ ಬರುತ್ತದೆ. ಅಷ್ಟು ಭಾರದ ಮಾದರಿಯನ್ನು ನಿಧಾನವಾಗಿ ಹಾರಿಸಿ, ಸಣ್ಣ ಮೈದಾನದಲ್ಲಿ ಇಳಿಸುವುದು ಕಷ್ಟ. ಆದ್ದರಿಂದ ಥರ್ಮಾಕೋಲ್, ಬಾಲ್ಸಾ ಎಂಬ ಹಗುರ ಮರ, ತೆಳು ಪ್ಲೈವುಡ್, ಕಾರ್ಬನ್ ಕೊಳವೆಗಳನ್ನು ಬಳಸಿ ತೂಕವನ್ನು ಅದರ ಮೂರನೇ ಒಂದಂಶಕ್ಕೆ ಇಳಿಸುತ್ತಾರೆ. ಎಲ್ಲಿ ಬಲ ಬೇಕೋ ಅಲ್ಲಿ ಮಾತ್ರ ಗಟ್ಟಿ ಮರ. ಉಳಿದೆಡೆ ಗ್ರಾಮ್ ಗ್ರಾಮಿಗೂ ಲೆಕ್ಕ. ಬಣ್ಣವನ್ನು ದಪ್ಪಗೆ ಬಳಿದರೂ ತೂಕ ಏರುತ್ತದೆ ಎಂಬ ಎಚ್ಚರ ಅವರಿಗಿರುತ್ತದೆ.

ತಕ್ಕಡಿಯ ಪಾಠ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಬರೋಣ. ವಿಮಾನದ ಒಟ್ಟು ತೂಕ ಎಷ್ಟಿದೆ ಎಂಬುದಕ್ಕಿಂತ ಆ ತೂಕ ಎಲ್ಲಿ ನಿಂತಿದೆ ಎಂಬುದು ದೊಡ್ಡದು. ಒಂದು ಸ್ಕೇಲನ್ನು ಬೆರಳ ಮೇಲೆ ನಿಲ್ಲಿಸಿ ನೋಡಿ. ಒಂದು ಬಿಂದುವಿನಲ್ಲಿ ಮಾತ್ರ ಅದು ಅತ್ತಿತ್ತ ವಾಲದೆ ನಿಲ್ಲುತ್ತದೆ. ವಿಮಾನಕ್ಕೂ ಅಂತಹ ಒಂದು ಬಿಂದುವಿದೆ. ಅದೇ ಗುರುತ್ವ ಕೇಂದ್ರ.

ಹರ್ಕ್ಯುಲಿಸ್‌ನಂತಹ ನೇರ ರೆಕ್ಕೆಯ ವಿಮಾನದಲ್ಲಿ ಈ ಬಿಂದು ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ಶೇಕಡಾ 25ರಿಂದ 30ರೊಳಗೆ ಇರಬೇಕು. ನಮ್ಮ ಮಾದರಿಯ ರೆಕ್ಕೆಯ ಸರಾಸರಿ ಅಗಲ ಸುಮಾರು 33 ಸೆಂಟಿಮೀಟರ್. ಅಂದರೆ ಮುಂದಿನ ಅಂಚಿನಿಂದ ಸುಮಾರು 8ರಿಂದ 10 ಸೆಂಟಿಮೀಟರ್ ಹಿಂದೆ. ಎಂಟು ಅಡಿ ಉದ್ದದ ವಿಮಾನದಲ್ಲಿ ತಪ್ಪಲು ಅವಕಾಶವಿರುವುದು ಎರಡು ಬೆರಳಿನಷ್ಟೂ ಇಲ್ಲ!

ಮಾದರಿ ವಿಮಾನದವರಲ್ಲಿ ಒಂದು ಮಾತು ರೂಢಿಯಲ್ಲಿದೆ. ಮೂಗು ಭಾರವಾದ ವಿಮಾನ ಸರಿಯಾಗಿ ಹಾರದು, ಬಾಲ ಭಾರವಾದ ವಿಮಾನ ಒಂದೇ ಸಲ ಹಾರುತ್ತದೆ ಎಂದು. ಮೂಗು ಭಾರವಾದರೆ ವಿಮಾನ ಮೇಲೇಳಲು ಸೋಮಾರಿತನ ತೋರುತ್ತದೆ, ಇಳಿಯುವಾಗ ಮೂಗೆತ್ತದು. ಬಾಲ ಭಾರವಾದರೆ ಅದು ಹಾರಿಸುವವನ ಮಾತನ್ನೇ ಕೇಳುವುದಿಲ್ಲ. ಮೂಗು ತನ್ನಷ್ಟಕ್ಕೆ ಏಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆಗೆ ಗಾಳಿಯ ಆಧಾರ ತಪ್ಪುತ್ತದೆ. ಮುಂದೆ ಉಳಿಯುವುದು ಚೂರುಗಳನ್ನು ಹೆಕ್ಕುವ ಕೆಲಸ.

ಆದ್ದರಿಂದ ರೆಕ್ಕೆಯ ಕೆಳಗೆ ಗುರುತು ಮಾಡಿದ ಬಿಂದುಗಳಲ್ಲಿ ಇಬ್ಬರು ವಿಮಾನವನ್ನು ಎತ್ತಿ ಹಿಡಿಯುತ್ತಾರೆ ಅಥವಾ ಮರದ ಚೌಕಟ್ಟಿನ ಮೇಲೆ ನಿಲ್ಲಿಸುತ್ತಾರೆ. ಬ್ಯಾಟರಿಯನ್ನು ಹಿಂದೆಮುಂದೆ ಸರಿಸುತ್ತಾ, ಮೂಗು ತುಸುವೇ ಕೆಳಗೆ ವಾಲುವ ತನಕ ಸರಿಪಡಿಸುತ್ತಾರೆ. ಬಾಲದಲ್ಲಿ ಒಂದು ಗ್ರಾಮ್ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಅದಕ್ಕಿಂತ ಹೆಚ್ಚು ಸೇರಿಸಬೇಕು, ಏಕೆಂದರೆ ಬಾಲ ಹೆಚ್ಚು ದೂರದಲ್ಲಿದೆ. ಅನಂತರ ಎಡಬಲದ ತೂಕ. ಮೂಗು ಮತ್ತು ಬಾಲ ಹಿಡಿದು ಎತ್ತಿದಾಗ ಒಂದು ರೆಕ್ಕೆ ಸದಾ ಕೆಳಗಿಳಿದರೆ, ಇನ್ನೊಂದರ ತುದಿಗೆ ಸಣ್ಣ ತೂಕ ಅಂಟಿಸಬೇಕು.

ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದಲ್ಲಿ ಆಕಾಶವನ್ನು ಎತ್ತರಿಸಿದ ವಿಷಯದ ಜೊತೆಗೇ ತಕ್ಕಡಿಯ ವಿಷಯವೂ ಬರುತ್ತದೆ. ನಾವು ಅದನ್ನು ಹೆಚ್ಚಾಗಿ ಅಂಗಡಿಯ ತಕ್ಕಡಿಗೆ ಅನ್ವಯಿಸುತ್ತೇವೆ. ಅದು ಸರಿಯೂ ಹೌದು. ಆದರೆ ಅಲ್ಲಾಹನು ಸೃಷ್ಟಿಯಲ್ಲಿಯೂ ಒಂದು ತೂಕವನ್ನು ಇಟ್ಟಿದ್ದಾನೆ. ಆಕಾಶಕ್ಕೆ ಏರಬಯಸುವವನು ಆ ತೂಕವನ್ನು ಗೌರವಿಸಲೇಬೇಕು. ಇಲ್ಲಿ ಅಂದಾಜಿಗೆ, ಹಾರಿಕೆಯ ಮಾತಿಗೆ ಜಾಗವಿಲ್ಲ.

ನಾಲ್ಕು ಮೋಟಾರು, ಒಂದೇ ಕೈ

ನಮ್ಮ ಮಾದರಿಯ ನಾಲ್ಕು ವಿದ್ಯುತ್ ಮೋಟಾರುಗಳಿಗೆ ಲಿಥಿಯಂ ಪಾಲಿಮರ್ ಬ್ಯಾಟರಿಯಿಂದ ಶಕ್ತಿ ಸಿಗುತ್ತದೆ. ನಾಲ್ಕೂ ಒಂದೇ ವೇಗದಲ್ಲಿ ತಿರುಗಬೇಕು. ಎಡಗಡೆಯವು ನಿಧಾನ, ಬಲಗಡೆಯವು ಜೋರು ಎಂದಾದರೆ ವಿಮಾನ ಎಡಕ್ಕೆ ತಿರುಗುತ್ತದೆ. ಇದನ್ನು ಸರಿಹೊಂದಿಸಲು ಪ್ರತಿಯೊಂದು ಮೋಟಾರಿನ ವೇಗ ನಿಯಂತ್ರಕಕ್ಕೂ ಕನಿಷ್ಠ ಮತ್ತು ಗರಿಷ್ಠ ವೇಗ ಯಾವುದೆಂದು ಮೊದಲೇ ಕಲಿಸಿಕೊಡಬೇಕು. ನಿಜವಾದ ಹರ್ಕ್ಯುಲಿಸ್‌ನಲ್ಲಿ ನಾಲ್ಕು ಪಂಖಗಳೂ ಒಂದೇ ದಿಕ್ಕಿಗೆ, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಇದನ್ನೇ ಅನುಸರಿಸಿದ ಮಾದರಿ ಓಟದ ಆರಂಭದಲ್ಲಿ ಎಡಕ್ಕೆ ಎಳೆಯುತ್ತದೆ. ಬಾಲದ ರಡ್ಡರನ್ನು ತುಸು ಬಲಕ್ಕೆ ಒತ್ತಿ ಅದನ್ನು ನೇರ ಮಾಡಬೇಕಾಗುತ್ತದೆ.

ಮನೆಯವರು ಗಮನಿಸಬೇಕಾದ ಎರಡು ಅಪಾಯಗಳು ಇಲ್ಲಿವೆ. ಒಂದು, ಪಂಖ. ಹದಿಮೂರೂವರೆ ಇಂಚಿನ ಪಂಖ ಜೋರಾಗಿ ತಿರುಗುವಾಗ ಅದು ಚಾಕುವಿಗಿಂತ ಕಡಿಮೆಯಲ್ಲ. ಮನೆಯೊಳಗೆ ಮೋಟಾರು ಪರೀಕ್ಷಿಸುವಾಗ ಪಂಖವನ್ನು ಕಳಚಿಯೇ ಇಡಬೇಕು. ಮೈದಾನದಲ್ಲಿ ಪಂಖದ ಮುಂದೆಯಾಗಲಿ, ಅದರ ಸಮಸಮಕ್ಕಾಗಲಿ ಯಾರೂ ನಿಲ್ಲಬಾರದು. ಎರಡು, ಬ್ಯಾಟರಿ. ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪೆಟ್ಟಾದರೆ, ಅತಿಯಾಗಿ ಚಾರ್ಜ್ ಆದರೆ ಬೆಂಕಿ ಹತ್ತಿಕೊಳ್ಳಬಹುದು. ಮೊಬೈಲಿನಂತೆ ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಇಲ್ಲಿ ಸಲ್ಲದು. ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ಹಾಸಿಗೆ ಪರದೆಗಳಿಂದ ದೂರ, ಕಣ್ಣೆದುರೇ ಚಾರ್ಜ್ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ಒಂಟೆಗೆ ಹಗ್ಗ

ಒಂಟೆಯನ್ನು ಕಟ್ಟುವ ಕುರಿತ ಪ್ರವಾದಿ(ಸ)ಯವರ ಉಪದೇಶ ನಮಗೆಲ್ಲರಿಗೂ ಗೊತ್ತು. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ, ನಮ್ಮಿಂದಾಗುವ ಎಲ್ಲ ಎಚ್ಚರಿಕೆ ವಹಿಸಿ ಫಲಿತಾಂಶವನ್ನು ಅಲ್ಲಾಹನಿಗೆ ಬಿಡುವುದು. ಮೈದಾನದಲ್ಲಿ ನಿಂತ ಮಾದರಿ ವಿಮಾನದ ಬಳಿ ಈ ಪಾಠ ಕಣ್ಣಿಗೆ ಕಾಣುತ್ತದೆ.

ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಚಾಲೂ ಮಾಡಬೇಕು, ಆಮೇಲೆ ವಿಮಾನದ ಬ್ಯಾಟರಿ ಜೋಡಿಸಬೇಕು. ಹಾರಾಟ ಮುಗಿದಾಗ ಮೊದಲು ವಿಮಾನದ ಬ್ಯಾಟರಿ ಕಳಚಿ ಆಮೇಲೆ ಟ್ರಾನ್ಸ್‌ಮಿಟರ್ ಆರಿಸಬೇಕು. ವಿಮಾನ ಒಂದು ಕ್ಷಣವೂ ಒಡೆಯನಿಲ್ಲದೆ ಇರಬಾರದು ಎಂಬುದೇ ಇದರ ಅರ್ಥ. ನಂತರ ಒಂದೊಂದೇ ಅಂಗದ ಪರೀಕ್ಷೆ. ಬಲಕ್ಕೆ ಒತ್ತಿದಾಗ ಬಲ ರೆಕ್ಕೆಯ ಹಿಂಬದಿಯ ಎಲೆರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಕಡ್ಡಿಯನ್ನು ತನ್ನೆಡೆಗೆ ಎಳೆದಾಗ ಬಾಲದ ಎಲಿವೇಟರ್ ಮೇಲೇಳಬೇಕು. ತಂತಿ ಜೋಡಿಸುವಾಗ ಇದು ತಿರುವುಮುರುವಾದರೆ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎಲ್ಲವೂ ಮುಗಿಯುತ್ತದೆ.

ಅನಂತರ ದೂರದ ಪರೀಕ್ಷೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ತಗ್ಗಿಸಿ ಮೂವತ್ತು ಹೆಜ್ಜೆ ದೂರ ನಡೆದು, ವಿಮಾನ ಆಗಲೂ ಮಾತು ಕೇಳುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ, ಸಂಪರ್ಕ ತಪ್ಪಿದರೆ ಏನಾಗುತ್ತದೆ ಎಂಬ ಪರೀಕ್ಷೆ. ವಿಮಾನವನ್ನು ಗಟ್ಟಿಯಾಗಿ ಹಿಡಿದು ಟ್ರಾನ್ಸ್‌ಮಿಟರ್ ಆರಿಸಿದರೆ ನಾಲ್ಕೂ ಮೋಟಾರು ನಿಲ್ಲಬೇಕು. ಹಾದಿ ತಪ್ಪಿದ ವಿಮಾನ ಪೂರ್ಣ ವೇಗದಲ್ಲಿ ಊರಿನತ್ತ ನುಗ್ಗುವುದಕ್ಕಿಂತ ಇದ್ದಲ್ಲಿಯೇ ಬೀಳುವುದು ಮೇಲು.

ಸ್ಥಳದ ವಿಷಯದಲ್ಲಿಯೂ ಜವಾಬ್ದಾರಿ ಇದೆ. ಶಾಲೆ, ಮಾರುಕಟ್ಟೆ, ಹೆದ್ದಾರಿ, ವಿದ್ಯುತ್ ತಂತಿಗಳ ಹತ್ತಿರ ಹಾರಿಸುವಂತಿಲ್ಲ. ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳು ಆಟದ ವಿಮಾನಗಳೂ ಸೇರಿದಂತೆ ಮಾನವರಹಿತ ವಿಮಾನಗಳಿಗೆ ಅನ್ವಯವಾಗುತ್ತವೆ. ಈ ನಿಯಮಗಳಡಿ ಸರಕಾರ ಇಡೀ ದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿ ನಕ್ಷೆ ಪ್ರಕಟಿಸಿದೆ. ವಿಮಾನ ನಿಲ್ದಾಣಗಳ ಸುತ್ತಮುತ್ತ, ಮಿಲಿಟರಿ ನೆಲೆಗಳ ಬಳಿ ಅನುಮತಿಯಿಲ್ಲದೆ ಹಾರಿಸುವುದು ಅಪರಾಧ. ನೆರೆಯವರಿಗೆ ತೊಂದರೆ ಕೊಡಬಾರದೆಂಬ ಧರ್ಮವೂ, ದೇಶದ ಕಾನೂನೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ನೆಲ ಬಿಟ್ಟ ಮೇಲೆ

ಗಾಳಿಗೆ ಎದುರಾಗಿ ವಿಮಾನವನ್ನು ನಿಲ್ಲಿಸುತ್ತಾರೆ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಅರ್ಧ ಇಳಿಸುತ್ತಾರೆ. ವೇಗವನ್ನು ಒಮ್ಮೆಲೇ ಏರಿಸದೆ ನಿಧಾನವಾಗಿ ಏರಿಸುತ್ತಾರೆ. ಹನ್ನೆರಡು ಕಿಲೋದ ಶರೀರ ಉರುಳುತ್ತದೆ, ಓಡುತ್ತದೆ, ಚಕ್ರದ ಸದ್ದು ನಿಂತುಹೋಗುತ್ತದೆ. ಈ ಕ್ಷಣದಲ್ಲಿ ಆತುರದಿಂದ ಮೂಗೆತ್ತುವುದೇ ಹೊಸಬರ ದೊಡ್ಡ ತಪ್ಪು. ಸಾಕಷ್ಟು ವೇಗ ಬಂದರೆ ವಿಮಾನ ತಾನಾಗಿ ಏಳುತ್ತದೆ. ಏರುವ ಹಾದಿ ಏಣಿಯಂತಿರಬಾರದು, ಘಾಟಿಯ ರಸ್ತೆಯಂತಿರಬೇಕು.

ದೊಡ್ಡ ಮಾದರಿಯಲ್ಲಿ ಕಣ್ಣು ಮೋಸ ಮಾಡುತ್ತದೆ. ಗಾತ್ರ ದೊಡ್ಡದಾದಷ್ಟೂ ಅದು ನಿಧಾನವಾಗಿ ಚಲಿಸುವಂತೆ ಕಾಣುತ್ತದೆ. ದೂರದಲ್ಲಿ ಹೋಗುವ ರೈಲು ತೆವಳುವಂತೆ ಕಾಣುವುದಿಲ್ಲವೇ, ಹಾಗೆ. ನಮ್ಮ ಮಾದರಿಯ ವೇಗ ಗಂಟೆಗೆ 40 ಕಿಲೋಮೀಟರಿನ ಆಸುಪಾಸಿಗೆ ಇಳಿದರೆ ರೆಕ್ಕೆಗೆ ಗಾಳಿಯ ಆಧಾರ ತಪ್ಪುತ್ತದೆ. ಕಣ್ಣಿಗೆ ಚಂದ ಕಾಣಲಿ, ನಿಜ ವಿಮಾನದಂತೆ ಗಂಭೀರವಾಗಿ ತೇಲಲಿ ಎಂದು ವೇಗ ತಗ್ಗಿಸಿದವರು ಅನೇಕರು ವಿಮಾನ ಕಳೆದುಕೊಂಡಿದ್ದಾರೆ. ಅದಕ್ಕಾಗಿ ಮೊದಲ ಹಾರಾಟದಲ್ಲಿಯೇ ಸಾಕಷ್ಟು ಎತ್ತರಕ್ಕೆ ಹೋಗಿ, ವೇಗವನ್ನು ಮೆಲ್ಲಮೆಲ್ಲನೆ ಇಳಿಸಿ, ಯಾವ ಹಂತದಲ್ಲಿ ಅದು ತೂಗಾಡುತ್ತದೆ ಎಂದು ತಿಳಿದುಕೊಳ್ಳುತ್ತಾರೆ. ಎತ್ತರದಲ್ಲಿ ಕಲಿತದ್ದು ನೆಲದ ಬಳಿ ಜೀವ ಉಳಿಸುತ್ತದೆ.

ಇನ್ನೊಂದು ಕಷ್ಟ ಎಡಬಲದ್ದು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ನಮ್ಮತ್ತ ಬರುವಾಗ ಅದು ತಿರುವುಮುರುವು. ಬೂದು ಬಣ್ಣದ ವಿಮಾನ ಮೋಡದ ಎದುರು ಬರೀ ನೆರಳಾಗಿ ಕಂಡರೆ, ಬರುತ್ತಿದೆಯೋ ಹೋಗುತ್ತಿದೆಯೋ ಎಂದು ತಿಳಿಯುವುದೂ ಕಷ್ಟ. ಅನುಭವಿಗಳು ಹೇಳಿಕೊಡುವ ಉಪಾಯವಿದು: ನಿಮ್ಮತ್ತ ಬರುವ ವಿಮಾನದ ಯಾವ ರೆಕ್ಕೆ ಕೆಳಗೆ ವಾಲಿದೆಯೋ, ಅದಕ್ಕೆ ಊರುಗೋಲು ಕೊಡುವಂತೆ ಕಡ್ಡಿಯನ್ನು ಆ ಬದಿಗೇ ಒತ್ತಿ.

ಹೊರಬದಿಯ ಒಂದು ಮೋಟಾರು ನಿಂತುಹೋದರೆ? ಆ ಕೂಡಲೇ ವಿಮಾನ ಸತ್ತ ಮೋಟಾರಿನ ಕಡೆಗೆ ತಿರುಗತೊಡಗುತ್ತದೆ. ಗಾಬರಿಯಲ್ಲಿ ಉಳಿದ ಮೂರರ ವೇಗ ಹೆಚ್ಚಿಸಿದರೆ ತಿರುಗುವುದು ಇನ್ನೂ ಜೋರಾಗುತ್ತದೆ. ಮಾಡಬೇಕಾದುದು ಇದಕ್ಕೆ ವಿರುದ್ಧ. ಶಕ್ತಿ ತಗ್ಗಿಸು, ಮೂಗು ಇಳಿಸು, ವೇಗ ಉಳಿಸಿಕೋ, ನೇರ ಮಾಡಿ ಇಳಿಸು. ಸಿಟ್ಟು ಬಂದಾಗ, ನಷ್ಟವಾದಾಗ ನಮ್ಮ ಮನೆಗಳಲ್ಲಿ ಆಗುವುದನ್ನು ನೆನಪಿಸಿಕೊಳ್ಳಿ. ಒಂದು ಕಡೆ ಕೈಕೊಟ್ಟಾಗ ಉಳಿದೆಲ್ಲವನ್ನೂ ಜೋರು ಮಾಡುವುದರಿಂದಲೇ ಸಂಸಾರವೂ ಸುತ್ತಿ ಬೀಳುತ್ತದೆ.

ಇಳಿಯುವುದೂ ಒಂದು ವಿದ್ಯೆ

ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕೊರ್ಡೋಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಅವರು ಗರಿಗಳ ಉಡುಪು ತೊಟ್ಟು, ರೆಕ್ಕೆ ಕಟ್ಟಿಕೊಂಡು ಸ್ವಲ್ಪ ದೂರ ಹಾರಿದರೆಂದೂ, ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡರೆಂದೂ ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ, ಅವರು ಬಾಲ ಕಟ್ಟಿಕೊಂಡಿರಲಿಲ್ಲ ಎಂಬ ಕಾರಣವನ್ನೂ ಅಲ್ಲಿ ಹೇಳಲಾಗಿದೆ. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಇಬ್ನ್ ಫಿರ್ನಾಸ್ ಎಂಬ ಹೆಸರಿದೆ.

ಮದ್ರಸದ ಮಕ್ಕಳಿಗೆ ಅಲ್‌ಮುಲ್ಕ್ ಅಧ್ಯಾಯ ಕಲಿಸುವಾಗ ಹತ್ತೊಂಬತ್ತನೇ ಸೂಕ್ತದ ಬಳಿ ನಾನು ತುಸು ನಿಲ್ಲುವುದುಂಟು. ರೆಕ್ಕೆ ಹರಡುವ, ಮಡಚುವ ಹಕ್ಕಿಗಳತ್ತ ಅದು ನಮ್ಮ ಗಮನ ಸೆಳೆಯುತ್ತದೆ. ನೋಡಿ ಎಂದರೆ ಕಂಠಪಾಠ ಮಾಡಿ ಎಂದಷ್ಟೇ ಅರ್ಥವಲ್ಲ; ಕಿಟಕಿಯ ಹೊರಗೆ ಹದ್ದು ಹೇಗೆ ಬಾಲ ಅಗಲಿಸಿ ಇಳಿಯುತ್ತದೆ ಎಂದು ನೋಡಿ ಎಂದೂ ಅರ್ಥ.

ಮಾದರಿ ಹರ್ಕ್ಯುಲಿಸ್ ಇಳಿಸುವಾಗಲೂ ಬಾಲದ್ದೇ ಕೆಲಸ. ಫ್ಲ್ಯಾಪ್ ಇಳಿಸಿದ ಕೂಡಲೇ ಗಾಳಿಯ ತಡೆ ಹೆಚ್ಚುತ್ತದೆ. ಆಗ ಮೋಟಾರಿನ ಶಕ್ತಿಯನ್ನು ಪೂರ್ತಿ ತೆಗೆದರೆ ವಿಮಾನ ಕಲ್ಲಿನಂತೆ ಕೆಳಗೆ ಕೂರುತ್ತದೆ. ಸ್ವಲ್ಪ ಶಕ್ತಿ ಉಳಿಸಿಕೊಂಡೇ ಕೆಳಗೆ ತಂದು, ನೆಲಕ್ಕೆ ಮೂರ್ನಾಲ್ಕು ಅಡಿ ಇರುವಾಗ ಎಲಿವೇಟರಿನಿಂದ ಮೂಗನ್ನು ತುಸುವೇ ಎತ್ತಿ, ಹಿಂದಿನ ಚಕ್ರಗಳು ಮೊದಲು ನೆಲ ಮುಟ್ಟುವಂತೆ ಕೂರಿಸಬೇಕು. ಹಾರಿಸುವುದನ್ನು ಒಂದು ದಿನದಲ್ಲಿ ಕಲಿಯಬಹುದು, ಇಳಿಸುವುದಕ್ಕೆ ತಿಂಗಳುಗಳು ಬೇಕು.

ಹೊಟ್ಟೆಯೊಳಗೆ ಏನಿದೆ?

ಸರಕು ವಿಮಾನದ ಮಾದರಿಗೆ ಸರಕು ಬೇಡವೇ? ಹಿಂಬಾಗಿಲು ತೆರೆದು ಪುಟ್ಟ ಪ್ಯಾರಾಚೂಟಿನಲ್ಲಿ ಮಿಠಾಯಿಯ ಪೊಟ್ಟಣ ಇಳಿಸುವುದು ಇಂತಹ ಪ್ರದರ್ಶನಗಳಲ್ಲಿ ಮಕ್ಕಳಿಗೆ ಬಲು ಇಷ್ಟ. ಇದರ ಹಿಂದೆ ಒಂದು ನೈಜ ಘಟನೆಯಿದೆ. 1948-49ರಲ್ಲಿ ಸೋವಿಯತ್ ಒಕ್ಕೂಟವು ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲುಗಳನ್ನು ಮುಚ್ಚಿದಾಗ ಇಡೀ ನಗರಕ್ಕೆ ಆಹಾರ ಮತ್ತು ಕಲ್ಲಿದ್ದಲನ್ನು ಸರಕು ವಿಮಾನಗಳಲ್ಲಿ ಸಾಗಿಸಲಾಯಿತು. ಒಟ್ಟು 23 ಲಕ್ಷ ಟನ್. ಆಗ ಗೇಲ್ ಹಾಲ್ವರ್ಸನ್ ಎಂಬ ಯುವ ಪೈಲಟ್ ಕರವಸ್ತ್ರಗಳಿಗೆ ಚಾಕಲೇಟ್ ಕಟ್ಟಿ ಮಕ್ಕಳಿಗಾಗಿ ಕೆಳಗೆ ಬಿಟ್ಟರು. ತನ್ನ ವಿಮಾನ ಯಾವುದೆಂದು ಮಕ್ಕಳಿಗೆ ಗೊತ್ತಾಗಲು ರೆಕ್ಕೆ ಅಲ್ಲಾಡಿಸುತ್ತಿದ್ದರು. ಅವರು 2022ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಕೆಲವೇ ವರ್ಷಗಳ ಹಿಂದೆ ಬಾಂಬು ಬಿದ್ದ ನಗರಕ್ಕೆ ಅದೇ ಆಕಾಶದಿಂದ ಮಿಠಾಯಿ ಬಿತ್ತು!

ಆದರೆ ಮಿಠಾಯಿ ಇಳಿಸುವುದಕ್ಕೂ ತಕ್ಕಡಿ ಬೇಕು. ನಮ್ಮ 12 ಕಿಲೋದ ಮಾದರಿಯಲ್ಲಿ ಅರ್ಧ ಕಿಲೋ ಪೊಟ್ಟಣವನ್ನು ಗುರುತ್ವ ಕೇಂದ್ರದಲ್ಲಿಯೇ ಇಟ್ಟಿದ್ದೇವೆ ಎನ್ನೋಣ. ಬಾಗಿಲಿನತ್ತ ಅದು 60 ಸೆಂಟಿಮೀಟರ್ ಜಾರಿದರೆ ವಿಮಾನದ ಗುರುತ್ವ ಕೇಂದ್ರ ಎರಡೂವರೆ ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಅವಕಾಶವಿದ್ದದ್ದೇ ಎರಡು ಸೆಂಟಿಮೀಟರಿಗಿಂತ ಕಡಿಮೆ. ಪೊಟ್ಟಣ ಬಾಗಿಲಿನಲ್ಲಿ ಸಿಕ್ಕಿಕೊಂಡರೆ ವಿಮಾನ ಹೋಯಿತು ಎಂದೇ ಅರ್ಥ. ಅದೇ ಪೊಟ್ಟಣ 100 ಗ್ರಾಮಿನದ್ದಾದರೆ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಮಾತ್ರ. ಕಲಿಯುವವರು ಅಲ್ಲಿಂದ ಶುರು ಮಾಡುತ್ತಾರೆ. ಗಾಳಿಯ ಲೆಕ್ಕವೂ ಇದೆ. ನಲವತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಮೀಟರಿನಂತೆ ಇಳಿಯುವ ಪ್ಯಾರಾಚೂಟ್ ನೆಲ ಮುಟ್ಟಲು 10 ಸೆಕೆಂಡು ಬೇಕು. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸುತ್ತಿದ್ದರೆ ಅದು 30 ಮೀಟರ್ ಆಚೆ ಬೀಳುತ್ತದೆ.

ಸರಕು ಸಡಿಲವಾದರೆ ನಿಜ ವಿಮಾನದಲ್ಲಿ ಏನಾಗುತ್ತದೆ ಎಂಬುದನ್ನು 2013ರ ಏಪ್ರಿಲ್ 29ರಂದು ಅಫಘಾನಿಸ್ತಾನದ ಬಗ್ರಾಮಿನಲ್ಲಿ ಜಗತ್ತು ನೋಡಿತು. ಭಾರೀ ಮಿಲಿಟರಿ ವಾಹನಗಳನ್ನು ಹೊತ್ತಿದ್ದ ಬೋಯಿಂಗ್ 747 ಸರಕು ವಿಮಾನ ಮೇಲೇರುತ್ತಿದ್ದಂತೆ, ಸರಿಯಾಗಿ ಬಿಗಿದಿರದ ವಾಹನ ಹಿಂದಕ್ಕೆ ಜಾರಿ ಬಾಲದ ನಿಯಂತ್ರಣ ಯಂತ್ರವನ್ನೇ ಮುರಿಯಿತು. ಒಳಗಿದ್ದ ಏಳು ಮಂದಿಯೂ ಮೃತಪಟ್ಟರು. ಸರಕನ್ನು ಬಿಗಿಯುವ ಪಟ್ಟಿಗಳ ಲೆಕ್ಕ ತಪ್ಪಿದ್ದಕ್ಕೆ ಏಳು ಜೀವಗಳು!

ಇನ್ನೊಂದು ಮಾತನ್ನು ಹೇಳದೆ ಈ ವಿಮಾನದ ಕಥೆ ಪೂರ್ತಿಯಾಗದು. ವಿಯೆಟ್ನಾಮಿನಲ್ಲಿ, ಆಮೇಲೆ 2001ರಲ್ಲಿ ಅಫಘಾನಿಸ್ತಾನದಲ್ಲಿ, ಇದೇ ಹರ್ಕ್ಯುಲಿಸ್‌ನ ಹಿಂಬಾಗಿಲಿನಿಂದ 15,000 ಪೌಂಡ್ ತೂಕದ ಬಾಂಬುಗಳನ್ನು ಕೆಳಗೆ ತಳ್ಳಲಾಯಿತು. 2024ರ ಮಾರ್ಚ್ 2ರಂದು ಹಸಿದ ಗಾಝಾದ ಮೇಲೆ ಅಮೆರಿಕದ ಮೂರು ಹರ್ಕ್ಯುಲಿಸ್‌ಗಳು 38,000 ಊಟದ ಪೊಟ್ಟಣಗಳನ್ನು ಇಳಿಸಿದ್ದೂ ಅದೇ ಬಗೆಯ ಬಾಗಿಲಿನಿಂದ. ಅದೇ ವಾರ, ಮಾರ್ಚ್ 8ರಂದು, ಆಕಾಶದಿಂದ ಬಂದ ನೆರವಿನ ಪೆಟ್ಟಿಗೆಗಳ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಗಾಝಾದ ಶಾತಿ ನಿರಾಶ್ರಿತರ ಶಿಬಿರದ ಬಳಿ ಐದು ಮಂದಿ ಸತ್ತರು. ಅನ್ನಕ್ಕೆಂದು ಮುಖವೆತ್ತಿ ನಿಂತವರ ಮೇಲೆಯೇ ಅನ್ನದ ಪೆಟ್ಟಿಗೆ ಬಿತ್ತು.

ವಿಮಾನಕ್ಕೆ ಸ್ವಂತ ನಿಯ್ಯತ್ ಇರುವುದಿಲ್ಲ. ಏನನ್ನು ತುಂಬಬೇಕು ಎಂದು ನಿರ್ಧರಿಸುವುದು ಮನುಷ್ಯ. ಆದರೆ ಒಳ್ಳೆಯ ನಿಯ್ಯತ್ ಒಂದೇ ಸಾಲದು ಎಂಬುದನ್ನೂ ಶಾತಿ ಶಿಬಿರದ ಘಟನೆ ಕಲಿಸುತ್ತದೆ. ಉಪಕಾರವನ್ನೂ ತೂಗಿ, ಅಳೆದು, ಪರೀಕ್ಷಿಸಿಯೇ ಮಾಡಬೇಕು. ಇಲ್ಲವಾದರೆ ಉಪಕಾರವೇ ಕಲ್ಲಾಗಿ ಬೀಳುತ್ತದೆ.

ಮನೆಯವರಿಗೊಂದು ಮಾತು

ಇಷ್ಟು ಓದಿ ನಿಮ್ಮ ಮಗನೋ ಮಗಳೋ ನಾಳೆಯೇ ಹನ್ನೊಂದು ಅಡಿಯ ವಿಮಾನ ಬೇಕೆಂದು ಹಟ ಹಿಡಿದರೆ? ಮಾದರಿಯ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಸಾಲ ಮಾಡಿ, ಮನೆಯ ಅಗತ್ಯಗಳನ್ನು ಬದಿಗಿಟ್ಟು ಇದಕ್ಕೆ ಸುರಿಯುವುದು ದುಂದುವೆಚ್ಚವೇ ಸರಿ. ಆದರೆ ಈ ವಿದ್ಯೆ ಶುರುವಾಗುವುದು ಲಕ್ಷದಿಂದಲ್ಲ. ಒಂದು ಹಾಳೆ ಥರ್ಮಾಕೋಲ್, ಒಂದು ಬ್ಲೇಡು, ಸ್ವಲ್ಪ ಅಂಟು, ಮೂಗಿಗೆ ಅಂಟಿಸಲು ಒಂದು ನಾಣ್ಯ ಸಾಕು. ಕೈಯಿಂದ ಎಸೆಯುವ ಗ್ಲೈಡರ್ ಆಗುತ್ತದೆ. ನಾಣ್ಯವನ್ನು ಅರ್ಧ ಇಂಚು ಹಿಂದೆ ಸರಿಸಿ ಎಸೆಯಲು ಹೇಳಿ. ಅದು ಮೂಗೆತ್ತಿ, ತಡವರಿಸಿ ಬೀಳುತ್ತದೆ. ಮುಂದೆ ಸರಿಸಲು ಹೇಳಿ. ನೇರವಾಗಿ ತೇಲುತ್ತದೆ. ಹರ್ಕ್ಯುಲಿಸ್ ಕಟ್ಟುವವರ ಮೊದಲ ಪಾಠವೂ ಇದೇ.

ಆಸಕ್ತಿ ಮುಂದುವರಿದರೆ ಎನ್‌ಸಿಸಿಯ ವಾಯು ವಿಭಾಗವಿದೆ. ಅಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ, ಹುಡುಗಿಯರಿಗೂ ಅವಕಾಶವಿದೆ. ಕಂಪ್ಯೂಟರಿನಲ್ಲಿ ಹಾರಾಟದ ಅಭ್ಯಾಸ ಮಾಡುವ ತಂತ್ರಾಂಶಗಳಿವೆ. ಅಲ್ಲಿ ನೂರು ಸಲ ಬಿದ್ದರೂ ನಷ್ಟವಿಲ್ಲ. ಅನಂತರ ಸಣ್ಣದೊಂದು ತರಬೇತಿ ಮಾದರಿ. ದೊಡ್ಡದು ಬಹಳ ಮುಂದಿನ ಮಾತು, ಅದೂ ಒಬ್ಬರಿಂದಲ್ಲ, ನಾಲ್ಕೈದು ಮಂದಿ ಕೂಡಿ.

ಮಗುವಿನ ಗ್ಲೈಡರ್ ಬಿದ್ದಾಗ ಗದರಬೇಡಿ. ಏಕೆ ಬಿತ್ತು ಎಂದು ಕೇಳಿ. ಉತ್ತರ ಹುಡುಕಲು ಅದು ನಾಣ್ಯವನ್ನು ಮತ್ತೆ ಕೈಗೆತ್ತಿಕೊಂಡು, ಬೆರಳ ಮೇಲೆ ವಿಮಾನವನ್ನು ನಿಲ್ಲಿಸಿ ನೋಡಿತೆಂದರೆ, ತೂಗಿ ನೋಡುವ ಅಭ್ಯಾಸ ಅದಕ್ಕೆ ಬಂತು. ನಾಳೆ ಅದು ಕಟ್ಟುವ ಮನೆ, ಬರೆಯುವ ಲೆಕ್ಕ, ಹೇಳುವ ಸಾಕ್ಷಿ, ಕೊಡುವ ದಾನ ಎಲ್ಲದಕ್ಕೂ ಆ ಅಭ್ಯಾಸ ಬೇಕಾಗುತ್ತದೆ.